ಅಂಗಡಿಯಲ್ಲಿ ನಿಂತಿರುವ ನೆರೆಯವರು

ಧ್ಯಾನಭಾಗ: ರೂತಳು 2:1-16



ಕ್ರಿಸ್ತಜಯಂತಿಯು ಸಮೀಪಿಸುವಾಗ ನಮ್ಮ ಹಳ್ಳಿಗಳ ಸಭೆಯವರು ಹೊಸ ಬಟ್ಟೆಗಾಗಿಯೂ ಹಬ್ಬದ ಸಾಮಾನಿಗಾಗಿಯೂ ಹರಿಹರದ ಪೇಟೆಗೆ ಹೋಗುವುದುಂಟು. ಅಲ್ಲಿ ಮನಸ್ಸಿಗೆ ಬಂದದ್ದು ದೊರೆಯದಿದ್ದರೆ ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಗಳ ವರೆಗೂ ಹೋಗುವುದುಂಟು. ಇದು ತಪ್ಪೆಂದು ನಾವು ಹೇಳುವುದಿಲ್ಲ. ಮಕ್ಕಳಿಗೆ ಹೊಸ ಅಂಗಿ ತೊಡಿಸಿ ದೇವಾಲಯಕ್ಕೆ ಕರೆತರುವ ತಂದೆತಾಯಿಗಳ ಸಂತೋಷವು ಒಳ್ಳೆಯದೇ. ಆದರೆ ಆ ಬಟ್ಟೆಯನ್ನು ನಮ್ಮ ಮುಂದೆ ಬಿಚ್ಚಿ ತೋರಿಸಿದವರ ಮುಖವನ್ನು ನಾವು ನೋಡಿದೆವೋ? ಈ ತಿಂಗಳು ಇದೊಂದನ್ನೇ ನಾವು ಕೂಡಿ ಆಲೋಚಿಸೋಣ.

ಕೆಲವು ವರುಷಗಳ ಹಿಂದೆ ಹಬ್ಬಕ್ಕೆ ಎರಡು ದಿನ ಮುಂಚೆ ನಾವು ಸಭೆಯ ಎರಡು ಕುಟುಂಬಗಳೊಂದಿಗೆ ದಾವಣಗೆರೆಯ ಒಂದು ಬಟ್ಟೆ ಅಂಗಡಿಗೆ ಹೋದೆವು. ಸೀರೆ ತೋರಿಸುತ್ತಿದ್ದ ಹುಡುಗಿಯು ಹದಿನೆಂಟು ಇಪ್ಪತ್ತು ವರುಷದವಳು. ನಮ್ಮವರು ಒಂದಾದ ಮೇಲೊಂದು ಸೀರೆ ಬಿಚ್ಚಿಸಿದರು; ಬಣ್ಣ ಸರಿಯಿಲ್ಲ, ಅಂಚು ಸರಿಯಿಲ್ಲವೆಂದರು; ಕೊನೆಗೆ ಅವಳು ತಡಮಾಡಿದಳೆಂದು ಗಟ್ಟಿಯಾಗಿ ಗದರಿಸಿ, ಏನೂ ಕೊಳ್ಳದೆ ಎದ್ದರು. ಗಲ್ಲೆಯ ಮೇಲಿದ್ದವನು ಅದನ್ನು ಕೇಳಿ ಅವಳನ್ನೇ ಬೈದನು. ಅವಳು ಮಾತಾಡದೆ ಆ ರಾಶಿಯನ್ನು ಮಡಿಚತೊಡಗಿದಳು. ನಾವು ಅಲ್ಲಿಯೇ ನಿಂತಿದ್ದೆವು, ನಾವೂ ಮಾತಾಡಲಿಲ್ಲ. ನಮ್ಮ ಈ ತಪ್ಪನ್ನು ನಿಮ್ಮ ಮುಂದೆ ಅರಿಕೆಮಾಡುತ್ತೇವೆ.

ರಾತ್ರಿ ಹರಿಹರದ ಬಸ್ಸಿನಲ್ಲಿ ನಾವು ಗಂಟುಗಳನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದಾಗ ಆ ಹುಡುಗಿಯೇ ಓಡಿಬಂದು ಹತ್ತಿದಳು. ಸ್ಥಳವಿರಲಿಲ್ಲ. ಆಗ ನಮ್ಮ ಗುಂಪಿನ ಒಬ್ಬ ಅಜ್ಜಿಯು ಗಂಟನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, “ಬಾರವ್ವ, ಇಲ್ಲಿ ಕುಂದ್ರು” ಎಂದಳು. ಹುಡುಗಿಯು ಕುಳಿತು, ಬೆಳಿಗ್ಗೆ ಅಂಗಡಿಗೆ ಬಂದಂದಿನಿಂದ ಊಟದ ಹೊತ್ತು ಬಿಟ್ಟರೆ ಈಗಲೇ ಕುಳಿತದ್ದೆಂದು ಹೇಳಿದಳು. ಗಿರಾಕಿ ಇಲ್ಲದಾಗಲೂ ಅಲ್ಲಿ ಕೂಡ್ರುವ ಅಪ್ಪಣೆ ಇರಲಿಲ್ಲವಂತೆ. ಅಕ್ಷರ ಬಾರದ ಆ ಅಜ್ಜಿಯು ಸುವಾರ್ತೆಗೆ ತಕ್ಕ ಕೆಲಸ ಮಾಡಿದಳು. ಪ್ರಸಂಗಮಾಡುವ ನಾವಾದರೋ ನಾಚಿಕೆಪಟ್ಟೆವು.

ಪ್ರಿಯರೇ, ರೂತಳ ಪುಸ್ತಕದ ಎರಡನೆಯ ಅಧ್ಯಾಯವನ್ನು ತೆರೆದು ಓದಿರಿ. ಬೋವಜನು ಹೊಲದ ಧಣಿಯು. ಅವನು ಹೊಲಕ್ಕೆ ಬಂದಾಗ ಕೆಲಸ ಎಷ್ಟಾಯಿತೆಂದು ಮೊದಲು ಕೇಳಲಿಲ್ಲ. ಕೊಯ್ಯುವವರಿಗೆ ದೇವರ ಹೆಸರಿನಲ್ಲಿ ಶುಭವನ್ನು ಹಾರೈಸಿದನು, ಅವರೂ ಅವನನ್ನು ಹರಸಿದರು. ಬೆಳಿಗ್ಗೆಯಿಂದ ದುಡಿದ ಪರದೇಶಿಯಾದ ರೂತಳಿಗೆ ಕುಡಿಯಲು ನೀರನ್ನು ತೋರಿಸಿದನು, ಊಟದಲ್ಲಿ ಪಾಲು ಕೊಟ್ಟನು, ಯಾರೂ ಅವಳನ್ನು ಗದರಿಸಬಾರದೆಂದು ಆಳುಗಳಿಗೆ ಆಜ್ಞಾಪಿಸಿದನು. ಭದ್ರಾ ನಾಲೆಯ ಗದ್ದೆಗಳಲ್ಲಿ ಕೂಲಿಗೆ ಭತ್ತ ಕೊಯ್ದಿರುವ ನಿಮಗೆ ಇಂಥ ಮಾತಿನ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. ಬೋವಜನು ಆ ದಿನ ಯಾವ ಊರಿನಿಂದ ಬಂದನು? ಬೇತ್ಲೆಹೇಮಿನಿಂದಲೇ. ನಮ್ಮ ಕರ್ತನು ಹುಟ್ಟಿದ್ದು ಅದೇ ಊರಲ್ಲಿ, ಅದೇ ಬೋವಜ ರೂತರ ವಂಶದಲ್ಲಿ. ಆದಕಾರಣ ಬೇತ್ಲೆಹೇಮಿನ ಹಬ್ಬಕ್ಕೆಂದು ಪೇಟೆಗೆ ಹೋಗುವವರು ಬೇತ್ಲೆಹೇಮಿನ ಆ ನಡತೆಯನ್ನು ಮನೆಯಲ್ಲಿ ಬಿಟ್ಟುಹೋಗುವುದು ಯುಕ್ತವೋ?

ಚೌಕಾಶಿಯ ವಿಷಯದಲ್ಲಿಯೂ ದೇವರ ವಾಕ್ಯವು ಸುಮ್ಮನಿಲ್ಲ. ಕೊಳ್ಳುವಾಗ ಸರಕನ್ನು ಹಳಿದು, ಕೊಂಡುಹೋದ ಮೇಲೆ ಹೊಗಳಿಕೊಳ್ಳುವವನನ್ನು ಕುರಿತು ಜ್ಞಾನೋಕ್ತಿಗಳು 20:14 ಹೇಳುತ್ತದೆ. ಬೆಲೆ ಕೇಳುವುದು ಪಾಪವಲ್ಲ. ಬಡವರಾದ ನಾವು ಲೆಕ್ಕವಿಟ್ಟು ಕೊಳ್ಳಬೇಕಾದದ್ದು ನ್ಯಾಯವೇ. ಆದರೆ ಸುಳ್ಳಾಡಿ ಉಳಿಸಿದ ಹಣದಿಂದ ಕೊಂಡ ಅಂಗಿಯು ದೇವಾಲಯದಲ್ಲಿ ಶೋಭಿಸದು. ಬೆಲೆಯನ್ನು ಗೊತ್ತುಮಾಡಿದವನು ಧಣಿ. ತೋರಿಸುವವಳು ಸಂಬಳಕ್ಕೆ ನಿಂತವಳು. ಧಣಿಯ ಮೇಲಿನ ಕೋಪವನ್ನು ಅವಳ ಮೇಲೆ ತೀರಿಸಬಾರದು.

ಲೋಕದ ಸರಕಾರಗಳು ಸಹ ಇವರ ಕಷ್ಟವನ್ನು ಗಮನಿಸಿವೆ. 1961ರಲ್ಲಿ ನಮ್ಮ ರಾಜ್ಯದಲ್ಲಿ ಆದ ಅಂಗಡಿಗಳ ಕಾಯಿದೆಯು ಕೆಲಸದವರಿಗೆ ವಾರಕ್ಕೊಂದು ಪೂರ್ಣ ರಜೆಯನ್ನು ವಿಧಿಸಿತು. ಕೇರಳದಲ್ಲಿ, ಕೋಳಿಕ್ಕೋಡಿನ ಅಂಗಡಿಗಳ ಹೆಂಗಸರು ಬಹುಕಾಲ ಮೊರೆಯಿಟ್ಟ ತರುವಾಯ, ಕೆಲಸದವರಿಗೆ ಕೂಡ್ರಲು ಆಸನವಿರಬೇಕೆಂದು 2018ರಲ್ಲಿ ಕಾನೂನಾಯಿತು. ತಮಿಳುನಾಡಿನಲ್ಲಿ 2021ರಲ್ಲಿ ಆಯಿತು. ಇದಕ್ಕೆ ಬಹು ಮುಂಚೆಯೇ ದೇವರು ಸಬ್ಬತ್ತಿನ ಆಜ್ಞೆಯಲ್ಲಿ ದಾಸದಾಸಿಯರಿಗೂ ವಿಶ್ರಾಂತಿಯನ್ನು ನೇಮಿಸಿದನು (ಧರ್ಮೋಪದೇಶಕಾಂಡ 5:14). ಕಾನೂನು ಆಸನವನ್ನು ಕೊಡಿಸಬಹುದು. ಪ್ರೀತಿಯ ಮಾತನ್ನು ನಾವೇ ಕೊಡಬೇಕು.

ಹಾಗಾದರೆ ಏನು ಮಾಡೋಣ? ಹಬ್ಬದ ಹಿಂದಿನ ರಾತ್ರಿಯ ವರೆಗೆ ಕಾಯದೆ ಮುಂಚಿತವಾಗಿ, ಹಗಲು ಹೊತ್ತಿನಲ್ಲಿ ಹೋಗಿ ಕೊಳ್ಳೋಣ. ನಾವು ತಡಮಾಡಿದಷ್ಟು ಅವರು ಮನೆಗೆ ತಡವಾಗಿ ಹೋಗುವರು. ಕರ್ತನ ದಿನದಲ್ಲಿ ಪೇಟೆಗೆ ಹೋಗದಿರೋಣ. ಕೊಳ್ಳುವ ಮನಸ್ಸಿಲ್ಲದೆ ರಾಶಿ ಬಿಚ್ಚಿಸದಿರೋಣ. ಬಿಚ್ಚಿಸಿದ್ದನ್ನು ಮಡಿಚಲು ಕೈ ಕೊಡೋಣ. ತಂಗಿ, ಅಣ್ಣ ಎಂದು ಕರೆದು ಮಾತಾಡಿ, ಹೊರಡುವಾಗ ಉಪಕಾರವಾಯಿತೆಂದು ಹೇಳೋಣ. ಮೂಟೆ ಹೊತ್ತ ಹಮಾಲನಿಗೆ ಒಪ್ಪಿದ ಕೂಲಿಯನ್ನು ಅಲ್ಲಿಯೇ ಕೊಡೋಣ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಬೀಳುತ್ತದೆಂದು ಯಾಕೋಬನು ಎಚ್ಚರಿಸುತ್ತಾನೆ (5:4). ನಿಮ್ಮಲ್ಲಿ ಯಾರಾದರೂ ಅಂಗಡಿ ಇಟ್ಟಿದ್ದರೆ ಕೆಲಸದವರಿಗೆ ಒಂದು ಮಣೆಯನ್ನಾದರೂ ಹಾಕಿರಿ.

ಅವರು ಯಾವ ಮತದವರೆಂದು ವಿಚಾರಿಸಬೇಡಿರಿ. ಫಿಲಿಪ್ಪಿ ಪಟ್ಟಣದಲ್ಲಿ ಪೌಲನ ಮಾತಿಗೆ ಹೃದಯ ತೆರೆದ ಲುದ್ಯಳೂ ಬಟ್ಟೆ ಮಾರುವವಳಾಗಿದ್ದಳು (ಅ. ಕೃ. 16:14). ಪೌಲನು ಅವಳೊಡನೆ ಒರಟಾಗಿ ಮಾತಾಡಿದ್ದರೆ ಅವಳು ಕಿವಿಗೊಡುತ್ತಿದ್ದಳೋ? ನಮ್ಮ ಹಬ್ಬವನ್ನು ಕುರಿತು ಅಂಗಡಿಯವರು ತಿಳಿಯುವುದು ನಮ್ಮ ಕೀರ್ತನೆಗಳಿಂದಲ್ಲ, ಗಲ್ಲೆಯ ಮುಂದೆ ನಾವು ಆಡುವ ಮಾತಿನಿಂದಲೇ.

ಛತ್ರದಲ್ಲಿ ಸ್ಥಳವಿಲ್ಲದೆ ಗೋದಲಿಯಲ್ಲಿ ಮಲಗಿದ ಕರ್ತನು, ಕೂಡ್ರಲು ಸ್ಥಳವಿಲ್ಲದವರಿಗೆ ಸ್ಥಳಕೊಡುವ ಮನಸ್ಸನ್ನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.