ವಿದ್ಯುತ್ ಚಿಕಿತ್ಸೆಯೂ ರೋಗಿಯ ಒಪ್ಪಿಗೆಯೂ

ಕಾಲು ಮುರಿದವನನ್ನು ವೈದ್ಯರ ಬಳಿಗೆ ಒಯ್ಯುವಾಗ ಬೇನೆಯು ಕಾಲಿನಲ್ಲಿರುತ್ತದೆ. ಬೇಕು, ಬೇಡ ಎಂದು ಹೇಳತಕ್ಕ ಬುದ್ಧಿಯು ಸ್ವಸ್ಥವಾಗಿಯೇ ಇರುತ್ತದೆ. ಖಿನ್ನತೆ ಎಂಬ ರೋಗದಲ್ಲಾದರೋ ಹಾಗಲ್ಲ. ತೀರ್ಮಾನ ಮಾಡಬೇಕಾದ ಮನಸ್ಸೇ ಬೇನೆಬಿದ್ದಿರುತ್ತದೆ. ಹೀಗಿರಲಾಗಿ, ಅಂಥವನಿಗೆ ವಿದ್ಯುತ್ ಚಿಕಿತ್ಸೆ, ಅಂದರೆ ನಮ್ಮ ಜನರು ‘ಕರೆಂಟು ಕೊಡುವದು’ ಎಂದು ಹೇಳುವಂಥಾದ್ದು, ಬೇಕೆಂದು ವೈದ್ಯರು ಹೇಳಿದರೆ ಒಪ್ಪತಕ್ಕವರು ಯಾರು? ರೋಗಿಯೋ, ಮನೆಯವರೋ?

ಪ್ರಿಯ ವಾಚಕರೇ, ತ್ಯಾವಣಿಗೆಯ ಕಡೆಯ ಒಬ್ಬ ರೈತನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಭದ್ರಾ ನಾಲೆಯ ನೀರು ಬಂದರೂ ಅವನು ಗದ್ದೆಯ ಕಡೆಗೆ ಹೋಗಲಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿಯೂ ಗೋಡೆಗೆ ಮುಖಮಾಡಿ ಮಲಗಿದ್ದಾನೆ. ಉಂಡರೆ ಎರಡು ತುತ್ತು. ಮಾತಾಡಿದರೆ, “ನಾನು ಮನೆಗೆ ಭಾರ, ನನ್ನ ಮೇಲೆ ದುಡ್ಡು ಸುರಿಯಬೇಡಿರಿ” ಎಂಬ ಒಂದೇ ಮಾತು. ಎರಡು ತರದ ಮಾತ್ರೆಗಳನ್ನು ತಿಂಗಳುಗಟ್ಟಲೆ ಕೊಟ್ಟಾಯಿತು, ಗುಣ ಕಾಣಲಿಲ್ಲ. ದಾವಣಗೆರೆಯ ವೈದ್ಯರು ವಿದ್ಯುತ್ ಚಿಕಿತ್ಸೆಯ ಮಾತನ್ನೆತ್ತಿದರು. ಅಣ್ಣನು, “ಮದುವೆ ಜವಳಿ ತೆಗೆಯಬೇಕೆಂದು ಹೇಳಿ ಬಸ್ಸು ಹತ್ತಿಸಿಬಿಡೋಣ” ಅನ್ನುತ್ತಾನೆ. ತಾಯಿಯು, “ಕರೆಂಟು ಕೊಟ್ಟರೆ ನನ್ನ ಮಗ ಹುಚ್ಚನಾಗುತ್ತಾನೆ” ಎಂದು ಅಳುತ್ತಾಳೆ. ಹೆಂಡತಿಯನ್ನು ಯಾರೂ ಕೇಳುವದಿಲ್ಲ. ರೋಗಿಯನ್ನಂತೂ ಕೇಳುವದೇ ಇಲ್ಲ.

ತಾಯಿಯ ಭಯವು ಸುಮ್ಮನೆ ಹುಟ್ಟಿದ್ದಲ್ಲ. ಈ ಚಿಕಿತ್ಸೆಯನ್ನು 1938ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ರೋಮ್ ಪಟ್ಟಣದಲ್ಲಿ ಚೆರ್ಲೆಟ್ಟಿ, ಬೀನಿ ಎಂಬ ಇಬ್ಬರು ವೈದ್ಯರು ಮೊದಲು ಪ್ರಯೋಗಿಸಿದರು. ದಿಕ್ಕುತಪ್ಪಿ ಅಲೆಯುತ್ತಿದ್ದ ಒಬ್ಬ ಮನುಷ್ಯನನ್ನು ಪೊಲೀಸರು ಹಿಡಿದು ಅಲ್ಲಿಗೆ ಕಳುಹಿಸಿದ್ದರು. ಮೊದಲನೆಯ ಸಾರಿ ವಿದ್ಯುತ್ತು ಸಾಲಲಿಲ್ಲ. ಎರಡನೆಯದು ಬೇಡವೆಂದು ಅವನು ಕೂಗಿಕೊಂಡನು, ಆದರೂ ಕೊಟ್ಟರು. ಇದನ್ನು ಚೆರ್ಲೆಟ್ಟಿಯೇ ಬರೆದಿಟ್ಟಿದ್ದಾನೆ. ಒಪ್ಪಿಗೆಯಿಲ್ಲದೆ ಆರಂಭವಾದದ್ದು ಬಹುಕಾಲ ಒಪ್ಪಿಗೆಯಿಲ್ಲದೆಯೇ ನಡೆಯಿತು. ಆಗ ಅರಿವಳಿಕೆ ಇರಲಿಲ್ಲ. ಮೈಯೆಲ್ಲಾ ಸೆಟೆದು ಕೆಲವರ ಬೆನ್ನೆಲುಬು ಮುರಿದದ್ದೂ ಉಂಟು. ನಮ್ಮ ದೇಶದಲ್ಲಿ ಅರಿವಳಿಕೆಯಿಲ್ಲದ ಈ ಪದ್ಧತಿಯು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಅನೇಕ ಕಡೆ ಉಳಿದಿತ್ತು. 2017ನೆಯ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೇ ಅದನ್ನು ನಿಷೇಧಿಸಿತು. ಆದಕಾರಣ ಆ ತಾಯಿಯನ್ನು ತಿಳಿವಳಿಕೆಯಿಲ್ಲದವಳೆಂದು ಯಾರೂ ನಗಬಾರದು. ಆಕೆ ಹೇಳುವದು ಹಿಂದೆ ನಿಜವಾಗಿ ನಡೆದ ಸಂಗತಿಯನ್ನೇ. (ಉಳಿದದ್ದನ್ನು ಸಿನೆಮಾದವರು ಕೂಡಿಸಿದ್ದಾರೆ.)

ಈಗ ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಆಸ್ಪತ್ರೆಗಳಲ್ಲಿ ಅದನ್ನು ಮಾಡುವ ಬಗೆ ಬೇರೆ. ರೋಗಿಯು ಬರಿ ಹೊಟ್ಟೆಯಲ್ಲಿ ಬರಬೇಕು. ಅವನಿಗೆ ಅರಿವಳಿಕೆಯ ಮದ್ದನ್ನೂ ಸ್ನಾಯುಗಳನ್ನು ಸಡಿಲಿಸುವ ಮದ್ದನ್ನೂ ಕೊಡುತ್ತಾರೆ. ಅವನು ನಿದ್ರೆಹೋದ ಮೇಲೆ ತಲೆಗೆ ಕೆಲವೇ ಸೆಕೆಂಡು ವಿದ್ಯುತ್ತನ್ನು ಹಾಯಿಸುತ್ತಾರೆ. ಅದರಿಂದ ಮಿದುಳಿನಲ್ಲಿ ಅಪಸ್ಮಾರದಂಥ ಒಂದು ಸೆಳವು ಉಂಟಾಗಿ ಸುಮಾರು ಒಂದು ನಿಮಿಷದೊಳಗೆ ತಾನೇ ನಿಲ್ಲುತ್ತದೆ. ಗುಣಮಾಡುವದು ಆ ಸೆಳವೇ ಹೊರತು ಬರೀ ವಿದ್ಯುತ್ತಲ್ಲ. ವಾರಕ್ಕೆ ಎರಡು ಮೂರು ಸಾರಿಯಂತೆ ಸಾಮಾನ್ಯವಾಗಿ 6ರಿಂದ 12 ಸಾರಿ ಇದು ನಡೆಯುತ್ತದೆ. ಕಠಿಣವಾದ ಖಿನ್ನತೆಯಲ್ಲಿ, ಮುಖ್ಯವಾಗಿ ಅನ್ನ ನೀರು ಬಿಟ್ಟವರಲ್ಲಿ, ಇಷ್ಟು ಬೇಗನೆ ಫಲಕೊಡುವ ಚಿಕಿತ್ಸೆ ಮತ್ತೊಂದಿಲ್ಲವೆನ್ನಬಹುದು.

ಆದರೂ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಆ ವಾರಗಳ ಸಂಗತಿಗಳೂ, ಅದಕ್ಕೆ ಹಿಂದಿನ ಕೆಲವು ತಿಂಗಳುಗಳವೂ ನೆನಪಿನಿಂದ ಜಾರಬಹುದು. ಹೆಚ್ಚಿನವು ಮರಳುತ್ತವೆ, ಕೆಲವರಿಗೆ ಕೆಲವು ನೆನಪುಗಳು ಎಂದಿಗೂ ಮರಳುವದಿಲ್ಲ. ಮಗಳ ಮದುವೆ ಕಳೆದ ತಿಂಗಳು ಆಗಿದ್ದರೆ ಆ ಮದುವೆಯೇ ಮರೆತುಹೋಗಬಹುದು. ಗುಣವಾದ ಮೇಲೆ ಮದ್ದನ್ನು ಬಿಟ್ಟರೆ ಬಹುಮಂದಿಗೆ ಆರು ತಿಂಗಳೊಳಗೆ ರೋಗವು ತಿರುಗಿ ಬರುತ್ತದೆ. ಇದನ್ನೆಲ್ಲಾ ಹೇಳದೆ ಪಡೆದ ರುಜುವನ್ನು ಒಪ್ಪಿಗೆ ಎನ್ನಲಾಗದು.

ನಂಬಿಕೆಯುಳ್ಳವನಿಗೆ ಇಂಥ ರೋಗವು ಬರುವದಿಲ್ಲ, ಬಂದರೆ ಪ್ರಾರ್ಥನೆಯೊಂದೇ ಸಾಕು ಎಂದು ನಮ್ಮಲ್ಲಿ ಕೆಲವರು ಹೇಳುವದುಂಟು. ಪ್ರವಾದಿಯಾದ ಎಲೀಯನು ಅಡವಿಯ ಗಿಡದ ಕೆಳಗೆ ಕೂತು ಸಾವನ್ನು ಬೇಡಿಕೊಂಡಾಗ ದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮತ್ತೆ ಮಲಗಗೊಟ್ಟನು. ಈ ಮಾತಿಗೆ ಇಷ್ಟು ಉತ್ತರ ಸಾಕು.

ಇನ್ನು ಅಣ್ಣನ ಯುಕ್ತಿಯನ್ನು ನೋಡೋಣ. ಅವನ ವಾದವೇನಂದರೆ, ಬಾವಿಯಲ್ಲಿ ಮುಳುಗುವವನನ್ನು ಎತ್ತಲೋ ಬೇಡವೋ ಎಂದು ಯಾರು ಕೇಳುತ್ತಾರೆ? ಈ ವಾದದಲ್ಲಿ ಬಲವುಂಟು. ತಮ್ಮನು ಪ್ರಾಣ ಕಳೆದುಕೊಳ್ಳುವ ಮಾತಾಡಿದರೆ ಅವನನ್ನು ಒಂಟಿಯಾಗಿ ಬಿಡಬಾರದು. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದಾಚೆಗೆ ಸಾಗಿಸಬೇಕು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ಸಿಕ್ಕುತ್ತದೆ. ಆದರೆ ಕಾಯಿದೆಯು ತುರ್ತು ಚಿಕಿತ್ಸೆಗೆ ಅಪ್ಪಣೆಕೊಡುವಾಗಲೂ ಆ ಹೆಸರಿನಲ್ಲಿ ವಿದ್ಯುತ್ ಚಿಕಿತ್ಸೆಯನ್ನು ಮಾಡಗೊಡುವದಿಲ್ಲ. ಬಾವಿಯಿಂದ ಎತ್ತುವದು ಒಂದು; ಎತ್ತಿದ ಮೇಲೆ ಅವನ ತಲೆಗೆ ಏನು ಮಾಡಬೇಕೆಂಬದು ಮತ್ತೊಂದು.

ಸುಳ್ಳು ಹೇಳಿ ಬಸ್ಸು ಹತ್ತಿಸಿದರೆ ಮೊದಲನೆಯ ದಿನದ ಕೆಲಸವಾದೀತು. ಎರಡನೆಯ ಸಾರಿಗೆ ಯಾವ ಜವಳಿಯ ನೆಪ ಹೇಳುವದು? ತರುವಾಯ ವರುಷಗಟ್ಟಲೆ ನುಂಗಬೇಕಾದ ಮಾತ್ರೆಯನ್ನು ಯಾರ ಕೈಯಿಂದ ನಂಬಿ ತೆಗೆದುಕೊಂಡಾನು? ಇದಕ್ಕಿಂತ ದೊಡ್ಡ ಕೇಡೊಂದುಂಟು. ನೀನು ಯಾತಕ್ಕೂ ಬಾರದವನು, ನಿನ್ನ ಮಾತಿಗೆ ತೂಕವಿಲ್ಲ ಎಂದು ರೋಗವು ಹಗಲಿರುಳು ಅವನ ಕಿವಿಯಲ್ಲಿ ಊದುತ್ತಿರುತ್ತದೆ. ಮನೆಯವರು ಅವನನ್ನು ಮೂಟೆಯಂತೆ ಹೊತ್ತೊಯ್ದರೆ ರೋಗವು ಹೇಳಿದ್ದಕ್ಕೆ ಸಾಕ್ಷಿ ಹೇಳಿದಂತಾಗುವದಿಲ್ಲವೋ?

ಹಾಗಾದರೆ ಅವನು ಬೇಡವೆಂದಾಗ ಸುಮ್ಮನಿರಬೇಕೋ? ಯಾಕೆ ಬೇಡವೆಂದು ಕೇಳಬೇಕು. “ನೆನಪು ಹೋದರೆ ಲೆಕ್ಕಪತ್ರ ನೋಡುವದು ಹೇಗೆ? ಬೇರೆ ಮದ್ದಿದ್ದರೆ ಹೇಳಿರಿ” ಎಂದರೆ ಅದು ಅವನ ಬುದ್ಧಿಯ ಮಾತು, ನಮಗೆ ಸರಿಕಾಣದಿದ್ದರೂ ಮನ್ನಿಸತಕ್ಕದ್ದು. ಇತರರಿಗೆ ತಪ್ಪಾಗಿ ತೋರುವ ತೀರ್ಮಾನವನ್ನು ಮಾಡಿದ ಮಾತ್ರಕ್ಕೆ ಒಬ್ಬನು ತೀರ್ಮಾನಿಸುವ ಶಕ್ತಿ ಇಲ್ಲದವನಾಗುವದಿಲ್ಲವೆಂದು ಕಾಯಿದೆಯೂ ಹೇಳುತ್ತದೆ. “ನನಗೆ ದುಡ್ಡು ಹಾಕಬೇಡಿರಿ, ನಾನು ಬದುಕತಕ್ಕವನಲ್ಲ” ಎಂದರೆ ಅದರಲ್ಲಿ ರೋಗದ ದನಿ ಬೆರೆತಿದೆ. ಅದಕ್ಕೆ ತಕ್ಕ ಉತ್ತರ ಹಗ್ಗವಲ್ಲ. ಪಕ್ಕದಲ್ಲಿ ಕೂತು ಪುನಃ ಕೇಳುವದು. ಈ ರೋಗವು ಅನೇಕರಿಗೆ ಮುಂಜಾನೆ ಭಾರವಾಗಿದ್ದು ಸಂಜೆಗೆ ತುಸು ಹಗುರಾಗುತ್ತದೆ. ಆದಕಾರಣ ಸಂಜೆ ಕೇಳಿರಿ. ಹೆಂಡತಿಯು ಕೇಳಲಿ. ಗುಣವಾದ ಒಬ್ಬನು ಸಿಕ್ಕಿದರೆ ಅವನನ್ನು ಕರೆತಂದು ಮಾತಾಡಿಸಿರಿ. ಇವನು ಮೂರು ಸಂಜೆ ಬೇಡವೆಂದು ನಾಲ್ಕನೆಯ ಸಂಜೆ, “ನೀವು ಜೊತೆಗಿದ್ದರೆ ಆಗಲಿ” ಎಂದಾನು.

ಮಾತೇ ನಿಂತುಹೋಗಿ, ಕೇಳಿದರೂ ತಿಳಿಯದ ಸ್ಥಿತಿಗೆ ಬಂದವನ ಸಂಗತಿ ಬೇರೆ. ಆಗ ಅವನ ಪರವಾಗಿ ಮಾತಾಡಲು ಒಬ್ಬರು ಬೇಕು. ಹಿರಿಯನೆಂಬ ಕಾರಣದಿಂದ ಅಣ್ಣನೇ ಆಗಬೇಕೆಂದಿಲ್ಲ. ಪ್ರಾಯಬಂದ ಯಾವನಾದರೂ ತನಗೆ ಬೇಕಾದವರನ್ನು ತನ್ನ ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು. ಮುಂದೆ ಇಂಥ ಚಿಕಿತ್ಸೆ ಬೇಕು, ಇಂಥದು ಬೇಡವೆಂದು ಮುಂಚಿತವಾಗಿ ಬರೆದಿಡುವದಕ್ಕೂ ಬೇರೆ ಏರ್ಪಾಡುಂಟು. ಪ್ರತಿನಿಧಿಯ ನೇಮಕಕ್ಕೆ ಒಂದು ಬಿಳಿಯ ಹಾಳೆಯ ಮೇಲಿನ ಬರಹವೂ ಅವನ ರುಜು ಇಲ್ಲವೆ ಹೆಬ್ಬೆಟ್ಟಿನ ಗುರುತೂ ಸಾಕು. ತಮ್ಮನು ಚೇತರಿಸಿಕೊಂಡು ಗದ್ದೆಯ ಬದುವಿನ ಮೇಲೆ ನಡೆದಾಡುವಂಥ ಒಂದು ದಿನ ಆ ಹಾಳೆಯನ್ನು ಅವನ ಮುಂದೆ ಇಡಬಹುದು. ಅದರಲ್ಲಿ ಅಣ್ಣನ ಹೆಸರನ್ನು ಬರೆಸುವನೋ ಹೆಂಡತಿಯ ಹೆಸರನ್ನು ಬರೆಸುವನೋ, ಅದು ಅವನಿಗೆ ಬಿಟ್ಟದ್ದು.