ಪರೀಕ್ಷೆಯ ಧರ್ಮ

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರನ್ನು ವಾಚಕರು ನೋಡಿರಬಹುದು. ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ಸುತ್ತಲೂ ನಾಲ್ಕಾರು ಕಡೆ ತಟ್ಟಿ, ಕಿವಿಗೊಟ್ಟು ಕೇಳುವರು. ಕಂಚಿನಂತೆ ದನಿಗೊಟ್ಟರೆ ಕೊಳ್ಳುವರು, ಬದ್ದೆಂದರೆ ಕೆಳಗಿಡುವರು. ಮಾರುವವನು ತಟ್ಟಿ ತೋರಿಸುವಾಗ ಮಾತ್ರ, ಯಾವ ಕಡೆ ತಟ್ಟಿದರೆ ಇಂಪಾದ ದನಿ ಬರುವುದೋ ಆ ಕಡೆಯನ್ನೇ ತಟ್ಟುವನು. ಅದನ್ನು ದೊಡ್ಡ ಅಪರಾಧವೆನ್ನಲಾಗದು; ಕೊಳ್ಳುವವರು ಎದುರಿಗೇ ಇರುವರು, ಅವರಿಗೂ ಬೆರಳುಗಳುಂಟು. ಆದರೆ ಮಾಡಿದವನೂ ತಟ್ಟಿ ನೋಡುವವನೂ ಒಬ್ಬನೇ ಆಗಿ, ಬಳಸುವವರು ಎಲ್ಲಿಯೋ ದೂರದಲ್ಲಿ ಕಣ್ಣಿಗೆ ಕಾಣದೆ ಇದ್ದರೆ, ಆ ಬೆರಳು ಯಾವ ಕಡೆಗೆ ಹೋಗತಕ್ಕದ್ದು? ಈ ಪ್ರಶ್ನೆಯನ್ನು ನಾನು ಆರಾಮಕುರ್ಚಿಯಲ್ಲಿ ಕುಳಿತು ಕಲ್ಪಿಸಿಕೊಂಡುದಲ್ಲ. ಅದು ನನ್ನ ಮನೆಯ ಬಾಗಿಲಿಗೇ ಬಂದಿತು.

ಪರೀಕ್ಷೆ ಎಂಬ ಶಬ್ದವನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಶಾಲೆಯ ಪರೀಕ್ಷೆ ಒಂದು, ವಸ್ತುವಿನ ಪರೀಕ್ಷೆ ಇನ್ನೊಂದು. ಮೊದಲನೆಯದರಲ್ಲಿ ಹುಡುಗನು ತನಗೆ ತಿಳಿದುದನ್ನು ತೋರಿಸುವನು, ತಿಳಿಯದುದನ್ನು ಮರೆಮಾಡುವನು. ಹಾಗೆ ಮಾಡಿದರೆ ಜಾಣನೆಂದು ನಾವೇ ಬೆನ್ನು ತಟ್ಟುವೆವು. ಎರಡನೆಯದರ ಉದ್ದೇಶವು ಇದಕ್ಕೆ ತೀರ ವಿರುದ್ಧವಾದುದು. ಅಡಗಿರುವ ದೋಷವನ್ನು ಹೊರಗೆಳೆಯುವುದೇ ಅದರ ಗುರಿ. ಹದಿನಾರು ವರ್ಷ ಮೊದಲನೆಯ ಬಗೆಯಲ್ಲಿ ಪಳಗಿದ ತರುಣನನ್ನು ಒಂದು ದಿನ ಪ್ರಯೋಗಶಾಲೆಯೊಳಕ್ಕೆ ಬಿಟ್ಟು, ಇನ್ನು ಮೇಲೆ ಎರಡನೆಯ ಬಗೆಯದನ್ನು ಮಾಡು ಎನ್ನುವೆವು. ಹಳೆಯ ಅಭ್ಯಾಸವು ಅವನನ್ನು ಅಷ್ಟು ಸುಲಭವಾಗಿ ಬಿಡುವುದೆ?

ನನ್ನ ತಂಗಿಯ ಮಗನು ವಿಮಾನಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದನು. ಅವನಿಗೆ ಒದಗಿದ ಕೆಲಸ ಒಂದು ಚಿಕ್ಕ ರೆಕ್ಕೆಯ ಮಾದರಿಯನ್ನು ವಾಯುಸುರಂಗದಲ್ಲಿ ಅಳೆಯುವುದು. ವಾಯುಸುರಂಗವೆಂದರೆ ದೊಡ್ಡ ಬೀಸಣಿಗೆಯಿಂದ ಗಾಳಿಯನ್ನು ಒಂದೇ ಸಮನಾಗಿ ಹಾಯಿಸುವ ಕೊಳವೆ; ಅದರ ನಡುವೆ ಮಾದರಿಯನ್ನು ನಿಲ್ಲಿಸಿ, ಗಾಳಿಯು ಅದನ್ನು ಎಷ್ಟು ಬಲದಿಂದ ಎತ್ತುವುದು, ಎಷ್ಟು ಬಲದಿಂದ ಹಿಂದಕ್ಕೆ ತಳ್ಳುವುದು ಎಂದು ತಕ್ಕಡಿಯಿಂದ ಅಳೆಯುವರು. ರೆಕ್ಕೆಯ ಮುಂದಂಚನ್ನು ಮೇಲಕ್ಕೆ ಎತ್ತಿದಷ್ಟೂ ಎತ್ತುವ ಬಲವು ಏರುತ್ತ ಹೋಗುವುದು. ಆದರೆ ಒಂದು ಮಿತಿಯುಂಟು. ಅದನ್ನು ಮೀರಿದರೆ ಗಾಳಿಯು ರೆಕ್ಕೆಯ ಬೆನ್ನನ್ನು ಬಿಟ್ಟು ಚೆದರುವುದು, ಬಲವು ಕುಸಿಯುವುದು. ಹುಡುಗನು ಒಂದೊಂದೇ ಡಿಗ್ರಿ ಏರಿಸುತ್ತ ಹದಿನೆಂಟರವರೆಗೆ ಅಳೆದನು. ರೇಖೆಯು ಪುಸ್ತಕದಲ್ಲಿರುವಂತೆಯೇ ಅಂದವಾಗಿ ಬಂದಿತು. ರೆಕ್ಕೆಯನ್ನು ಕೆಳಕ್ಕೆ ಇಳಿಸುವಾಗ, ಸಮಯವಿತ್ತೆಂದು, ಹದಿಮೂರು ಮತ್ತು ಹನ್ನೆರಡು ಡಿಗ್ರಿಗಳಲ್ಲಿ ಮತ್ತೊಮ್ಮೆ ಅಳತೆ ತೆಗೆದನು. ಆ ಎರಡು ಅಳತೆಗಳು ಮೊದಲಿನವಕ್ಕಿಂತ ಬಹಳ ಕೆಳಗೆ ಬಂದುವು.

ವರದಿಯನ್ನು ಒಪ್ಪಿಸಲು ಹತ್ತು ದಿನಗಳಿದ್ದುವು. ಅದು ಮುಗಿದರೆ ಒಂದು ಕೆಲಸವು ಅವನಿಗಾಗಿ ಕಾದಿತ್ತು. ಸುರಂಗವು ಮತ್ತೆ ದೊರೆಯಬೇಕಾದರೆ ಸರದಿಯಲ್ಲಿ ವಾರಗಟ್ಟಲೆ ಕಾಯಬೇಕು. ಭಾನುವಾರ ಊರಿಗೆ ಬಂದವನು ನಕ್ಷೆಯನ್ನು ನನ್ನ ಮುಂದೆ ಹರಡಿ, "ಮಾವ, ಆ ಎರಡು ಚುಕ್ಕೆಗಳನ್ನು ಬಿಟ್ಟುಬಿಡು ಎಂದು ಗೆಳೆಯರೆಲ್ಲ ಹೇಳುತ್ತಾರೆ. ನೀವೇನು ಹೇಳುತ್ತೀರಿ?" ಎಂದನು. ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು. ಸತ್ಯವನ್ನು ನುಡಿ ಎಂದು ಹೇಳಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಗೆಳೆಯರ ವಾದವು ಅಷ್ಟು ಹಗುರವಾದುದಲ್ಲ. ಅವರು ಹೇಳಿದುದು ಎರಡು ಮಾತು: ಒಂದು, ವಿದ್ಯಾರ್ಥಿಯ ವರದಿಯನ್ನು ಯಾರು ಓದುವರು? ಅದು ಕಪಾಟು ಸೇರುವುದು. ಎರಡು, ಕೆಟ್ಟ ಅಳತೆಯನ್ನು ಬಿಡುವುದು ಸುಳ್ಳಲ್ಲ; ಪ್ರಯೋಗ ಮಾಡುವವರೆಲ್ಲರೂ ಬಿಡುವರು.

ಮೊದಲನೆಯದನ್ನು ವಿಚಾರಿಸೋಣ. 1759 ರಲ್ಲಿ ಜಾನ್ ಸ್ಮೀಟನ್ ಎಂಬ ಆಂಗ್ಲ ಎಂಜಿನಿಯರನು ಗಾಳಿಗಿರಣಿಗಳ ವಿಷಯವಾಗಿ ಬರೆಯುತ್ತ, ಗಾಳಿಯ ವೇಗಕ್ಕೂ ಅದರ ಒತ್ತಡಕ್ಕೂ ಇರುವ ಸಂಬಂಧದ ಕೋಷ್ಟಕವೊಂದನ್ನು ಪ್ರಕಟಿಸಿದನು. ಅದು ಅವನು ತಾನೇ ಅಳೆದುದಲ್ಲ. ರೌಸ್ ಎಂಬ ಮಿತ್ರನಿಂದ ಪಡೆದುದು. ಅದರಿಂದ ಹೊರಟ 0.005 ಎಂಬ ಅಂಕಿಯು ಸ್ಮೀಟನ್ನನ ಹೆಸರನ್ನು ಹೊತ್ತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ಸುಮಾರು ನೂರ ನಲವತ್ತು ವರ್ಷಗಳ ಮೇಲೆ ಅಮೆರಿಕದ ರೈಟ್ ಸೋದರರು ಅದನ್ನು ನಂಬಿ ರೆಕ್ಕೆಗಳನ್ನು ಲೆಕ್ಕಹಾಕಿದರು. 1901 ರಲ್ಲಿ ಅವರ ಗ್ಲೈಡರು ಲೆಕ್ಕದಂತೆ ಏಳಲಿಲ್ಲ. ಅವರು ಮೊದಲು ಸಂದೇಹಪಟ್ಟುದು ಜರ್ಮನಿಯ ಲಿಲಿಯೆಂತಾಲನ ಕೋಷ್ಟಕಗಳನ್ನು. 1896 ರಲ್ಲಿ ತನ್ನ ಗ್ಲೈಡರಿನಿಂದ ಬಿದ್ದು ಸತ್ತ ಆತನು ತನ್ನ ಪರವಾಗಿ ಮಾತನಾಡುವಂತಿರಲಿಲ್ಲ. ಸೋದರರು ತಮ್ಮ ಸೈಕಲ್ ಅಂಗಡಿಯಲ್ಲಿ ಆರಡಿ ಉದ್ದದ ಮರದ ಸುರಂಗವನ್ನು ಮಾಡಿ, ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಲಿಲಿಯೆಂತಾಲನ ಅಳತೆಗಳು ಬಹುಮಟ್ಟಿಗೆ ಸರಿಯಾದುವೆಂದೂ, ತಪ್ಪು ಇದ್ದುದು ಎಲ್ಲರೂ ಕಣ್ಣುಮುಚ್ಚಿ ನಂಬಿದ್ದ ಆ ಹಳೆಯ ಅಂಕಿಯಲ್ಲೆಂದೂ ತಿಳಿಯಿತು. ಅವರಿಗೆ ದೊರೆತ ಬೆಲೆ ಸುಮಾರು 0.0033, ಎಂದರೆ ಮೂರರಲ್ಲೊಂದು ಪಾಲು ಕಡಮೆ.

ಅಂಕಿಯೆಂಬುದು ಮನೆಬಿಟ್ಟು ಹೊರಟ ಮಗುವಿನಂತೆ. ಹೆತ್ತವರ ಸಂದೇಹಗಳು ಅದರ ಜೊತೆಗೆ ಹೋಗುವುದಿಲ್ಲ. ಅದು ಒಂಟಿಯಾಗಿ, ಧೈರ್ಯವಾಗಿ, ಅಪರಿಚಿತರ ಮನೆಯನ್ನು ಹೊಗುವುದು. ಯಾವ ವರದಿಯನ್ನು ಯಾರೂ ಓದರು, ಯಾವುದನ್ನು ಇನ್ನೊಬ್ಬನು ನಂಬಿ ಅದರ ಮೇಲೆ ಕಟ್ಟುವನು ಎಂದು ಮುಂದಾಗಿ ಬಲ್ಲವರಾರು? ಕಪಾಟಿನ ಕತ್ತಲೆಯು ಮೊದಲನೆಯ ವಾದಕ್ಕೆ ಆಸರೆಯಾಗಲಾರದು.

ಎರಡನೆಯದು ಇದಕ್ಕಿಂತ ತೊಡಕಿನದು. ಅಳತೆಗಳನ್ನು ಬಿಡುವುದುಂಟೆಂಬುದು ನಿಜವೆ. ತಕ್ಕಡಿಯ ತಂತಿ ಸಡಿಲವಾಗಿದ್ದರೆ, ಬೀಸಣಿಗೆಯ ವೇಗ ತಗ್ಗಿದ್ದರೆ, ಆ ಅಳತೆಯನ್ನು ಇಟ್ಟುಕೊಳ್ಳುವುದೇ ಮೋಸ. ಹಾಗಾದರೆ ನ್ಯಾಯವಾಗಿ ಬಿಡುವುದಕ್ಕೂ ಅನ್ಯಾಯವಾಗಿ ಬಿಡುವುದಕ್ಕೂ ಗಡಿ ಯಾವುದು? ನನಗೆ ತೋರುವ ಒರೆಗಲ್ಲು ಇದು. ಬಿಡುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕು: "ಈ ಅಳತೆಯು ನನಗೆ ಅನುಕೂಲವಾಗಿ ಬಂದಿದ್ದರೂ ಇದೇ ಕಾರಣಕ್ಕಾಗಿ ನಾನು ಇದನ್ನು ಬಿಡುತ್ತಿದ್ದೆನೆ?" ಹೌದೆಂದರೆ ಬಿಡಲಿ, ಬಿಟ್ಟುದನ್ನು ಬರೆದು ತಿಳಿಸಲಿ. ಕಾರಣವೇ ಇಲ್ಲದೆ, ರೇಖೆಗೆ ಒಪ್ಪಲಿಲ್ಲವೆಂಬುದೇ ಕಾರಣವಾದರೆ, ಅವನು ಪರೀಕ್ಷೆ ಮಾಡುತ್ತಿಲ್ಲ. ತನ್ನ ಮಡಕೆಯನ್ನು ತನಗೇ ಮಾರಿಕೊಳ್ಳುತ್ತಿರುವನು.

ಈ ಒರೆಗಲ್ಲಿಗೆ ಇನ್ನೊಂದು ಮುಖವಿದೆ. ಅದು ಹೆಚ್ಚು ಕಠಿನವಾದುದು. ಕಹಿಯಾದ ಅಳತೆಯನ್ನು ನಾವು ನೂರು ಸಲ ತಿರುವಿ ನೋಡುವೆವು. ಸಿಹಿಯಾದುದನ್ನು ಒಂದೇ ಗುಟುಕಿಗೆ ನುಂಗುವೆವು. ಇದರಲ್ಲಿ ಸುಳ್ಳಿನ ಲೇಶವೂ ಇರದೆ, ಪ್ರಾಮಾಣಿಕರಾದವರೂ ಮೋಸಹೋಗಬಹುದು. ಇದಕ್ಕೆ ವಿಮಾನಗಳ ಚರಿತ್ರೆಯಲ್ಲಿ ಒಂದು ದಾರುಣವಾದ ದೃಷ್ಟಾಂತವುಂಟು.

1952 ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಕಾಮೆಟ್ ಎಂಬುದು ಪ್ರಯಾಣಿಕರನ್ನು ಸಾಗಿಸಿದ ಮೊದಲನೆಯ ಜೆಟ್ ವಿಮಾನವೆಂಬ ಕೀರ್ತಿಯನ್ನು ಪಡೆಯಿತು. ಅದು ಬಹು ಎತ್ತರದಲ್ಲಿ ಹಾರುತ್ತಿದ್ದುದರಿಂದ ಒಳಗೆ ಗಾಳಿಯ ಒತ್ತಡವನ್ನು ತುಂಬಬೇಕಾಗಿತ್ತು. ಪ್ರತಿಯೊಂದು ಹಾರಾಟದಲ್ಲಿಯೂ ಅದರ ಒಡಲು ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತಿತ್ತು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಕಡೆಗೆ ತುಂಡಾಗುವುದಲ್ಲವೆ? ಲೋಹದ ಆ ದಣಿವನ್ನು ಅರಿಯಲು, ತಯಾರಿಸಿದವರು ಒಡಲಿನ ಒಂದು ಭಾಗವನ್ನು ಮತ್ತೆ ಮತ್ತೆ ಉಬ್ಬಿಸಿ ಇಳಿಸಿ ನೋಡಿದರು. ಅದು ಸುಮಾರು 18,000 ಸಲ ತಡೆಯಿತು. ಎಲ್ಲರಿಗೂ ಸಮಾಧಾನವಾಯಿತು.

1954 ರ ಜನವರಿ 10 ರಂದು ಒಂದು ಕಾಮೆಟ್ ಎಲ್ಬಾ ದ್ವೀಪದ ಬಳಿ ಕಡಲಿಗೆ ಬಿದ್ದಿತು. 35 ಮಂದಿ ಸತ್ತರು. ಹಾರಾಟವನ್ನು ನಿಲ್ಲಿಸಿ, ಕೆಲವು ಮಾರ್ಪಾಟುಗಳನ್ನು ಮಾಡಿ, ಮಾರ್ಚಿಯಲ್ಲಿ ಮತ್ತೆ ತೊಡಗಿದರು. ಏಪ್ರಿಲ್ 8 ರಂದು ಇನ್ನೊಂದು ನೇಪಲ್ಸಿನ ಬಳಿ ಬಿದ್ದಿತು. 21 ಮಂದಿ ಸತ್ತರು. ಆಗ ಫಾರ್ನ್‌ಬರೋದ ಸಂಶೋಧನಾಲಯದಲ್ಲಿ ಇಡಿಯ ವಿಮಾನವೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರನ್ನೇ ತುಂಬಿ, ಒತ್ತಡವನ್ನು ಏರಿಸಿ ಇಳಿಸಿದರು. ಮೊದಲು ಹಾರಿದ್ದುದೂ ಸೇರಿ 3,057 ನೆಯ ಸಲಕ್ಕೆ ಅದು ಸೀಳಿತು. ಹದಿನೆಂಟು ಸಾವಿರವೆಲ್ಲಿ, ಮೂರು ಸಾವಿರವೆಲ್ಲಿ!

ಹಿಂದಿನವರು ಸುಳ್ಳು ಬರೆದಿದ್ದರೆ? ಇಲ್ಲ. ಅವರು ಪರೀಕ್ಷಿಸಿದ ಭಾಗವನ್ನು ಅದಕ್ಕೂ ಮುಂಚೆ, ಬಲವೆಷ್ಟಿದೆಯೆಂದು ನೋಡಲು, ಮಾಮೂಲಿನ ಎರಡರಷ್ಟು ಒತ್ತಡಕ್ಕೆ ಒಳಪಡಿಸಿದ್ದರು. ಆಗ ಮೂಲೆಗಳಲ್ಲಿ ಲೋಹವು ಕೊಂಚ ಹಿಗ್ಗಿತು. ಒತ್ತಡವಿಳಿದ ಮೇಲೆ ಸುತ್ತಣ ಲೋಹವು ಅದನ್ನು ಅಮುಕಿ ಹಿಡಿಯಿತು. ಹಾಗೆ ಅಮುಕಿದ ಲೋಹದಲ್ಲಿ ಬಿರುಕು ಬೇಗ ಹುಟ್ಟದು. ಮೊದಲನೆಯ ಪರೀಕ್ಷೆಯೇ ಆ ಭಾಗವನ್ನು ಎರಡನೆಯ ಪರೀಕ್ಷೆಗೆ ಗಟ್ಟಿಮಾಡಿಬಿಟ್ಟಿತ್ತು. ಪ್ರಯಾಣಿಕರನ್ನು ಹೊತ್ತ ವಿಮಾನಗಳಿಗೆ ಆ ಗಟ್ಟಿತನವಿರಲಿಲ್ಲ. ವಿಚಾರಣೆಯು ಅವರನ್ನು ದೂಷಿಸಲಿಲ್ಲ. ಅಂದಿನ ತಿಳಿವಳಿಕೆಗೆ ಅನುಗುಣವಾಗಿಯೇ ಅವರು ನಡೆದುಕೊಂಡಿದ್ದರು. ಆದರೂ ನನ್ನ ಮನಸ್ಸು ಒಂದು ಮಾತನ್ನು ಬಿಡಲೊಲ್ಲದು. ಆ ಭಾಗವು ಮುನ್ನೂರನೆಯ ಸಲಕ್ಕೇ ಸೀಳಿದ್ದರೆ, ಇದಕ್ಕೆ ಹಿಂದೆ ಏನೇನು ಮಾಡಿದ್ದೆವೆಂದು ಯಾರಾದರೂ ಕೇಳದೆ ಇರುತ್ತಿದ್ದರೆ? ಸಿಹಿಯಾದ ಉತ್ತರವು ಪ್ರಶ್ನೆಗಳ ಬಾಯಿ ಕಟ್ಟುವುದು. ಪರೀಕ್ಷೆ ಎಂಬ ಮಾತಿನಲ್ಲಿ 'ಪರಿ' ಎಂದರೆ ಸುತ್ತಲೂ, 'ಈಕ್ಷೆ' ಎಂದರೆ ನೋಡುವುದು. ನಮಗೆ ಹಿತವಾದ ಕಡೆಯಲ್ಲಿಯೂ ನಿಂತು ಸಂದೇಹದಿಂದ ನೋಡಿದರೆ ಮಾತ್ರ ಆ ಹೆಸರು ಸಾರ್ಥಕ.

ಇಷ್ಟನ್ನೂ ವಿದ್ಯಾರ್ಥಿಯ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ತಪ್ಪಿದ ಪ್ರಯೋಗವನ್ನು ತಂದವನಿಗೆ ಛೀಮಾರಿ, ಅಂದದ ರೇಖೆಯನ್ನು ತಂದವನಿಗೆ ಪ್ರಶಂಸೆ ಎಂಬ ಪದ್ಧತಿ ಇರುವೆಡೆಯಲ್ಲಿ ಅಂದದ ರೇಖೆಗಳೇ ಬೆಳೆಯುವುವು. ಈ ಸಂದರ್ಭದಲ್ಲಿ ಸತೀಶ ಧವನರ ನೆನಪಾಗುತ್ತದೆ. ಅವರು ಕ್ಯಾಲಿಫೋರ್ನಿಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಹರಿಯುವ ಗಾಳಿಯು ಹಲಗೆಯನ್ನು ಉಜ್ಜುವ ಬಲವನ್ನು ಊಹೆಯಿಂದ ಹೇಳದೆ, ಹಲಗೆಯ ಒಂದು ಚಿಕ್ಕ ತುಣುಕನ್ನು ಬಿಡಿಸಿ ಅಲುಗಾಡುವಂತೆ ಇಟ್ಟು ನೇರವಾಗಿ ಅಳೆದವರು. 1951 ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಮುಂದೆ ಅದರ ನಿರ್ದೇಶಕರಾದರು. ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷತೆಯನ್ನೂ ವಹಿಸಿದರು. 1979 ರ ಆಗಸ್ಟ್ 10 ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್.ಎಲ್.ವಿ.-3 ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿದ್ದಿತು. ಆ ದಿನ ಪತ್ರಕರ್ತರ ಮುಂದೆ ಧವನರು ತಾವೇ ನಿಂತು ಸೋಲಿನ ಹೊಣೆಯನ್ನು ಹೊತ್ತರೆಂದೂ, 1980 ರ ಜುಲೈ 18 ರಂದು ಅದು ಗೆದ್ದಾಗ ಮಾತನಾಡಲು ತಮ್ಮನ್ನು ಮುಂದಕ್ಕೆ ಕಳುಹಿಸಿದರೆಂದೂ, ಆ ಯೋಜನೆಯನ್ನು ನಡೆಸಿದ ಅಬ್ದುಲ್ ಕಲಾಮರು ಪದೇ ಪದೇ ಹೇಳುತ್ತಿದ್ದರು. ಇದನ್ನು ದೊಡ್ಡ ಮನಸ್ಸಿನ ಕಥೆಯೆಂದು ನಾವು ಮೆಚ್ಚುವೆವು. ನನಗೆ ಇದು ಅಷ್ಟೇ ಮಟ್ಟಿಗೆ ವಿಜ್ಞಾನದ ಕಥೆ. ಸೋಲನ್ನು ಹೇಳಿಕೊಂಡವನಿಗೆ ನೆರಳಿದ್ದ ಕಡೆಯಲ್ಲಿಯೇ ಸೋಲಿನ ಕಾರಣವು ಹೊರಬೀಳುವುದು.

ನಮ್ಮ ಹುಡುಗನ ಕಥೆಯನ್ನು ಮುಗಿಸುವೆನು. ನಾನು ಹೇಳಿದ ಒರೆಗಲ್ಲನ್ನು ಅವನು ಮನಸ್ಸಿಗೆ ಹಚ್ಚಿಕೊಂಡು, ಹಿಂದಿರುಗಿ, ಆ ಎರಡು ಚುಕ್ಕೆಗಳನ್ನು ತನ್ನ ಗುರುಗಳಿಗೆ ತೋರಿಸಿದನು. ಸರದಿಗಾಗಿ ಕಾದು, ಏರಿಸುತ್ತಲೂ ಇಳಿಸುತ್ತಲೂ ಹಲವು ಸಲ ಅಳೆದನು. ಪ್ರತಿ ಸಲವೂ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಒಮ್ಮೆ ಮುನಿದು ಹೊರಟ ನಂಟನು ಮುನಿಸಿನ ಕಾರಣ ತೀರಿದೊಡನೆ ಹಿಂದಿರುಗುವನೆ? ರೆಕ್ಕೆಯನ್ನು ಬಿಟ್ಟುಹೋದ ಗಾಳಿಯೂ ಹಾಗೆಯೇ. ಕೋನವನ್ನು ಇನ್ನೂ ಕೆಳಕ್ಕೆ ಇಳಿಸಿದಲ್ಲದೆ ಅದು ಮತ್ತೆ ಬಂದು ಅಂಟಿಕೊಳ್ಳದು. ಚಿಕ್ಕ ರೆಕ್ಕೆಗಳಲ್ಲಿ, ಕಡಮೆ ವೇಗದಲ್ಲಿ ಹೀಗಾಗುವುದು ಬಲ್ಲವರಿಗೆ ತಿಳಿದ ಸಂಗತಿ. ಅಂಥ ರೆಕ್ಕೆಯನ್ನು ಹಾರಿಸುವವನು ಇದನ್ನರಿಯದೆ ಹೋದರೆ, ಕುಸಿದ ವಿಮಾನವು ಚೇತರಿಸಿಕೊಂಡಿತೆಂದು ಎಣಿಸುವಲ್ಲಿಯೇ ಅದು ಇನ್ನೂ ಬೀಳುತ್ತಿರುವುದು. ಬಿಟ್ಟುಬಿಡು ಎಂದಿದ್ದ ಆ ಎರಡು ಚುಕ್ಕೆಗಳೇ ಇದನ್ನು ಹೇಳಹೊರಟಿದ್ದವು.

ಆದರೆ ಇದರಿಂದ ಅವನಿಗೆ ಹೆಸರೇನೂ ಬರಲಿಲ್ಲ; ಹೊಸದನ್ನು ಕಂಡುಹಿಡಿದಂತಾಗಲಿಲ್ಲ. ವರದಿಯು ಎರಡು ತಿಂಗಳು ತಡವಾಯಿತು. ಕಾದಿದ್ದ ಕೆಲಸವು ಮತ್ತೊಬ್ಬನ ಪಾಲಾಯಿತು. ನನ್ನ ತಂಗಿಯು, "ಅಣ್ಣ, ನಿನ್ನ ನೀತಿಗೆ ನನ್ನ ಮಗ ಬೆಲೆ ತೆತ್ತ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಸತ್ಯಕ್ಕೆ ಯಾವಾಗಲೂ ಲಾಭ ಬರುವುದೆಂದು ಮಕ್ಕಳಿಗೆ ಹೇಳುವ ನಾವು, ಈ ಲೆಕ್ಕವನ್ನೂ ಬಿಡದೆ ಬರೆಯಬೇಕಾದುದು ನ್ಯಾಯ. ಹುಡುಗನು ಮಾತ್ರ ನಕ್ಕು, "ಅಮ್ಮ, ಆ ರೆಕ್ಕೆಯ ವಿಷಯ ಈಗ ನನಗೆ ಗೊತ್ತು" ಎಂದನು. ಕೆಲಸವು ಮುಂದೆ ಬೇರೆಡೆಯಲ್ಲಿ ದೊರೆಯಿತು. ದೊರೆಯದಿದ್ದರೂ ಆ ಎರಡು ಚುಕ್ಕೆಗಳು ನಕ್ಷೆಯ ಮೇಲೆ ಇರತಕ್ಕವೇ ಆಗಿದ್ದುವು ಎಂದು ನಾನು ಈಗಲೂ ನಂಬಿರುವೆನು. ಆದರೆ ಹಾಗೆ ಹೇಳುವಾಗ ನನ್ನ ದನಿ ಮೊದಲಿನಷ್ಟು ಜೋರಾಗಿಲ್ಲ.