ಆಫರ್ ಒಪ್ಪಿ ಹಿಂದೆ ಸರಿಯುವುದು

ಉದ್ಯೋಗದ ಆಫರ್ ಒಂದನ್ನು ಒಪ್ಪಿಕೊಂಡು, ಸೇರುವ ದಿನ ಬರುವ ಮೊದಲೇ ಅದಕ್ಕಿಂತ ಒಳ್ಳೆಯ ಇನ್ನೊಂದು ಸಿಕ್ಕಿತೆಂದು ಮೊದಲನೆಯದನ್ನು ಕೈಬಿಡುವುದು ಬೆಂಗಳೂರಿನ ಸಾಫ್ಟ್‌ವೇರ್ ವಲಯದಲ್ಲಿ ಈಗ ದಿನನಿತ್ಯದ ಸಂಗತಿ. ಉದ್ಯೋಗಿಯೊಬ್ಬರು ಹೊಸ ಕಂಪನಿಯ ಆಫರ್ ಲೆಟರ್‌ಗೆ ಸಹಿ ಮಾಡಿ, ಇರುವ ಕಂಪನಿಯಲ್ಲಿ ಪೇಪರ್ ಹಾಕುತ್ತಾರೆ, ಅಂದರೆ ರಾಜೀನಾಮೆ ಕೊಡುತ್ತಾರೆ. ಅಲ್ಲಿಂದ ನೋಟಿಸ್ ಅವಧಿ ಶುರುವಾಗುತ್ತದೆ. ಬಹುಪಾಲು ದೊಡ್ಡ ಕಂಪನಿಗಳಲ್ಲಿ ಅದು 90 ದಿನ. ಉದ್ಯೋಗ ತಾಣದಲ್ಲಿರುವ ಅವರ ಪ್ರೊಫೈಲಿಗೆ ಆಗ ‘ಲಾಸ್ಟ್ ವರ್ಕಿಂಗ್ ಡೇ’ ಎಂಬ ದಿನಾಂಕ ಬಂದು ಕೂರುತ್ತದೆ. ತುರ್ತಾಗಿ ಜನ ಬೇಕಾದ ಕಂಪನಿಗಳು ಹುಡುಕುವುದೇ ಆ ದಿನಾಂಕವನ್ನು. ನೋಟಿಸ್ ಮುಗಿಯಲು ಎರಡು ವಾರವಿರುವಾಗ ಎರಡನೆಯ ಆಫರ್ ಬರುತ್ತದೆ, ಕೆಲವೊಮ್ಮೆ ಮೂರನೆಯದೂ ಬರುತ್ತದೆ. ಹಳೆಯ ಕಂಪನಿಯೇ ಸಂಬಳ ಏರಿಸಿ ಉಳಿಸಿಕೊಳ್ಳಲು ನೋಡುವುದೂ ಉಂಟು. ಕೊನೆಗೆ, ಸೇರಬೇಕಾದ ಸೋಮವಾರ ಮೊದಲ ಕಂಪನಿಯ ಎಚ್‌ಆರ್ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಇದು ತಪ್ಪೇ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಕೊಟ್ಟ ಮಾತು ಕೊಟ್ಟದ್ದೇ, ತಪ್ಪಬಾರದು ಎಂಬುದು ಒಂದು. ಕಂಪನಿ ತನ್ನ ಲಾಭ ನೋಡಿಕೊಳ್ಳುತ್ತದೆ, ಉದ್ಯೋಗಿಯೂ ನೋಡಿಕೊಂಡರೆ ತಪ್ಪೇನು ಎಂಬುದು ಇನ್ನೊಂದು. ಎರಡೂ ಅರ್ಧ ದಾರಿಗೆ ನಿಲ್ಲುತ್ತವೆ. ಹಿಂದೆ ಸರಿಯುವುದರ ತಪ್ಪನ್ನು ಸರಿಯಾಗಿ ತೂಗಬೇಕಾದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಒಪ್ಪಿಗೆಯನ್ನು ನಂಬಿ ಯಾರು ಏನನ್ನು ಬಿಟ್ಟುಕೊಟ್ಟಿದ್ದಾರೆ?

ಕಾನೂನು ಈ ವಿಷಯದಲ್ಲಿ ಬಹಳ ದೂರ ನಡೆದು ಬಂದಿದೆ. 1859ರಲ್ಲಿ ಬ್ರಿಟಿಷ್ ಸರ್ಕಾರ ತಂದ ಕೆಲಸಗಾರರ ಕರಾರು ಭಂಗ ಕಾಯ್ದೆಯ ಪ್ರಕಾರ, ಮುಂಗಡ ಹಣ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮಾಡು ಎಂಬ ಆದೇಶಕ್ಕೆ ಅವನು ಮಣಿಯದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಅಸ್ಸಾಮಿನ ಚಹಾ ತೋಟಗಳಿಂದ ಕೊಡಗಿನ ಕಾಫಿ ತೋಟಗಳವರೆಗೆ ಮಾಲೀಕರ ಕೈಯಲ್ಲಿ ಇದು ದೊಡ್ಡ ಅಸ್ತ್ರವಾಗಿತ್ತು. ಮಾಲೀಕ ಮಾತು ತಪ್ಪಿದರೆ ಸಿವಿಲ್ ವ್ಯಾಜ್ಯ, ಕೂಲಿ ಮಾತು ತಪ್ಪಿದರೆ ಜೈಲು ಎಂಬ ಈ ಅನ್ಯಾಯವನ್ನು ರದ್ದುಗೊಳಿಸುವ ಕಾಯ್ದೆ ಬಂದದ್ದು 1925ರಲ್ಲಿ. ‘ಕೊಟ್ಟ ಮಾತಿಗೆ ತಪ್ಪಬಾರದು’ ಎಂಬ ನೀತಿಯನ್ನು ದುಡಿಯುವವರ ಮೇಲೆ ಮಾತ್ರ ಹೇರಿದಾಗ ಅದು ಏನಾಗುತ್ತದೆ ಎಂಬುದನ್ನು ಆ ಕಾಯ್ದೆಯ ಚರಿತ್ರೆ ತೋರಿಸುತ್ತದೆ. ನಿಷ್ಠೆಯ ಉಪದೇಶ ಕೇಳಿದಾಗ ಉದ್ಯೋಗಿಗಳು ಹುಬ್ಬೇರಿಸುವುದಕ್ಕೆ ಕಾರಣವಿದೆ.

ಈಗಿನ ಸ್ಥಿತಿಯಲ್ಲಿ, ಒಪ್ಪಿಕೊಂಡ ಆಫರ್ 1872ರ ಭಾರತೀಯ ಕರಾರು ಕಾಯ್ದೆಯಡಿ ಸಾಮಾನ್ಯವಾಗಿ ಕರಾರೇ ಆಗುತ್ತದೆ. ಅದನ್ನು ಮುರಿದರೆ 73ನೆಯ ಕಲಮಿನ ಪ್ರಕಾರ ನಷ್ಟ ಪರಿಹಾರ ಕೇಳಬಹುದು. ಆದರೆ ಬಂದು ಕೆಲಸ ಮಾಡು ಎಂದು ಯಾವ ನ್ಯಾಯಾಲಯವೂ ಬಲವಂತ ಮಾಡುವುದಿಲ್ಲ; ವ್ಯಕ್ತಿಯ ಸ್ವಂತ ಸಾಮರ್ಥ್ಯವನ್ನು ನೆಚ್ಚಿದ ಕರಾರುಗಳನ್ನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಹೊರಗಿಟ್ಟಿದೆ. ಈ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಸ್ಪಷ್ಟಪಡಿಸಿದ್ದು ಲಂಡನ್ನಿನ ಒಂದು ಹಳೆಯ ಪ್ರಕರಣ. ಯೊಹಾನಾ ವಾಗ್ನರ್ ಎಂಬ ಜರ್ಮನ್ ಗಾಯಕಿ 1852ರ ಹಂಗಾಮಿಗೆ ಬೆಂಜಮಿನ್ ಲಮ್ಲಿಯ ರಂಗಮಂದಿರದಲ್ಲಿ ಹಾಡಲು, ಬೇರೆಲ್ಲೂ ಹಾಡದಿರಲು ಒಪ್ಪಿದ್ದಳು. ಅಷ್ಟರಲ್ಲಿ ಕೋವೆಂಟ್ ಗಾರ್ಡನ್ನಿನ ಫ್ರೆಡೆರಿಕ್ ಗೈ ಹೆಚ್ಚು ಹಣ ಕೊಡುತ್ತೇನೆಂದ. ಅವಳು ಅತ್ತ ವಾಲಿದಳು. ಲಮ್ಲಿಯ ಮಂದಿರದಲ್ಲಿ ಹಾಡೆಂದು ಬಲವಂತ ಮಾಡಲಾರೆ, ಆದರೆ ಆ ಅವಧಿಯಲ್ಲಿ ಬೇರೆಡೆ ಹಾಡದಂತೆ ತಡೆಯಬಲ್ಲೆ ಎಂದು ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷ, ಹೆಚ್ಚು ಹಣದ ಆಸೆ ತೋರಿಸಿ ಸೆಳೆದವನ ಮೇಲೂ ದಾವೆ ಹೂಡಬಹುದು ಎಂದು ಇನ್ನೊಂದು ತೀರ್ಪು ಬಂತು. ನೋಟಿಸ್‌ನಲ್ಲಿರುವವರು ಇನ್ನೊಂದು ಕಡೆ ಒಪ್ಪಿದ್ದಾರೆಂದು ತಿಳಿದೇ ಫೋನ್ ಮಾಡುವ ಇಂದಿನ ನೇಮಕಾತಿದಾರರಿಗೆ ಈ ಎರಡನೆಯ ತೀರ್ಪಿನ ಹಿಂದಿನ ನ್ಯಾಯ ಇಂದಿಗೂ ಅನ್ವಯಿಸುತ್ತದೆ. ಮಾತು ತಪ್ಪಿದವರನ್ನಷ್ಟೇ ದೂರುವುದು ಅರೆಬರೆ ವಿಚಾರ.

ಕರ್ನಾಟಕಕ್ಕೆ ಹತ್ತಿರದ ಪ್ರಕರಣವೊಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ತನ್ನ ನೇಮಕಾತಿ ಷರತ್ತಿನಲ್ಲಿ, ಮೂರು ವರ್ಷ ತುಂಬುವ ಮೊದಲು ಬಿಟ್ಟವರು 2 ಲಕ್ಷ ರೂಪಾಯಿ ಕೊಡಬೇಕು ಎಂದು ಬರೆದಿತ್ತು. ಅಧಿಕಾರಿಯೊಬ್ಬರು 2009ರಲ್ಲಿ ಇನ್ನೊಂದು ಬ್ಯಾಂಕಿಗಾಗಿ ಬಿಟ್ಟು, ಹಣವನ್ನು ಆಕ್ಷೇಪಣೆಯೊಡನೆ ಕಟ್ಟಿ, ಷರತ್ತನ್ನೇ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತರೆ, ಸುಪ್ರೀಂ ಕೋರ್ಟ್ ಷರತ್ತನ್ನು ಎತ್ತಿಹಿಡಿಯಿತು: ಸಾರ್ವಜನಿಕ ಬ್ಯಾಂಕೊಂದು ಮತ್ತೆ ಜಾಹೀರಾತು, ಪರೀಕ್ಷೆ, ಆಯ್ಕೆಯ ಖರ್ಚಿಗೆ ಬೀಳುತ್ತದೆ ಎಂಬುದು ಅದು ಕೊಟ್ಟ ಮುಖ್ಯ ಕಾರಣಗಳಲ್ಲೊಂದು. ಆ ಅಧಿಕಾರಿ ಕೆಲಸಕ್ಕೆ ಸೇರಿದ ಮೇಲೆ ಬಿಟ್ಟವರು, ಆದ್ದರಿಂದ ಪ್ರಕರಣ ನೇರವಾಗಿ ನಮ್ಮ ಪ್ರಶ್ನೆಯದಲ್ಲ. ಆದರೂ ಅದು ತೂಗಿದ್ದು ಬ್ಯಾಂಕಿಗೆ ಆಗುವ ನಷ್ಟವನ್ನು, ಮಾತಿನ ಪಾವಿತ್ರ್ಯವನ್ನಲ್ಲ ಎಂಬುದು ಗಮನಿಸಬೇಕಾದದ್ದು.

ನಷ್ಟವೇ ಎಲ್ಲವೂ ಆದರೆ ಇನ್ನೊಂದು ತೊಡಕು ಎದುರಾಗುತ್ತದೆ. ಅಮೆರಿಕದ ನ್ಯಾಯಶಾಸ್ತ್ರಜ್ಞ ಆಲಿವರ್ ವೆಂಡೆಲ್ ಹೋಮ್ಸ್ 1897ರಲ್ಲಿ ವಾದಿಸಿದಂತೆ, ಕರಾರು ಪಾಲಿಸುವ ಕರ್ತವ್ಯವೆಂದರೆ ಕಾನೂನಿನ ಕಣ್ಣಿನಲ್ಲಿ ಪಾಲಿಸದಿದ್ದರೆ ಪರಿಹಾರ ತೆರಬೇಕಾದೀತು ಎಂಬ ಮುನ್ನೋಟ, ಅಷ್ಟೇ. ಮುಂದೆ ಅರ್ಥಶಾಸ್ತ್ರದ ಹಾದಿ ಹಿಡಿದ ಕಾನೂನು ಪಂಡಿತರು ಇದನ್ನೇ ಬೆಳೆಸಿ, ಮುರಿದವನು ಎದುರಾಳಿಯ ನಷ್ಟ ತುಂಬಿಯೂ ಲಾಭದಲ್ಲಿ ಉಳಿಯುವುದಾದರೆ ಕರಾರು ಮುರಿಯುವುದೇ ಲೋಕಕ್ಕೆ ಒಳಿತು ಎಂದರು. ವಾದ ಚುರುಕಾಗಿದೆ, ಅದರ ಇಡೀ ಭಾರ ‘ನಷ್ಟ ತುಂಬಿಯೂ’ ಎಂಬ ಮಾತಿನ ಮೇಲಿದೆ. ಆಫರ್ ಒಪ್ಪಿ ಸೇರದವರು ಕಂಪನಿಗೆ ಏನನ್ನೂ ತುಂಬಿಕೊಡುವುದಿಲ್ಲ, ಮೊಕದ್ದಮೆಯ ಖರ್ಚಿಗೆ ಹೆದರಿ ಕಂಪನಿಯೂ ಕೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಷ್ಟವಾದವರಲ್ಲಿ ಕಂಪನಿಯೊಂದೇ ಇಲ್ಲ. ಸಂದರ್ಶನದಲ್ಲಿ ಎರಡನೆಯವರಾಗಿ ನಿಂತು, ‘ಈ ಹುದ್ದೆ ತುಂಬಿದೆ’ ಎಂಬ ಮೇಲ್ ಪಡೆದವರು ಒಬ್ಬರಿದ್ದಾರೆ. ಮೂರು ತಿಂಗಳ ನಂತರ ಹುದ್ದೆ ಮತ್ತೆ ಖಾಲಿಯಾಗುವಾಗ ಅವರು ಇನ್ನೆಲ್ಲೋ ಕಡಿಮೆ ಸಂಬಳಕ್ಕೆ ಒಪ್ಪಿರುತ್ತಾರೆ. ಒಬ್ಬರಿಗೆ ಒಂದೇ ಆಫರ್ ಎಂಬ ನಿಯಮವನ್ನು ಅನೇಕ ಇಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಇಟ್ಟುಕೊಂಡಿರುವುದು ಇದಕ್ಕೇ. ಅಲ್ಲಿ ಕೈಬಿಟ್ಟ ಆಫರಿನ ಬೆಲೆಯನ್ನು ಮುಂದಿನ ವರ್ಷದ ವಿದ್ಯಾರ್ಥಿಗಳೂ ತೆರಬೇಕಾಗಬಹುದು. ಬೇಸತ್ತ ಕಂಪನಿ ಆ ಕ್ಯಾಂಪಸ್ಸಿನ ಕಡೆ ತಲೆ ಹಾಕದೆ ಹೋಗಬಹುದು.

ಕಂಪನಿಗಳು ಮಾತು ತಪ್ಪುವುದಿಲ್ಲವೇ ಎಂಬ ಮಾತಿಗೆ ಬಲವಿದೆ. 2022ರಲ್ಲಿ ಆಫರ್ ಪಡೆದ ಸಾವಿರಾರು ಪದವೀಧರರನ್ನು ಐಟಿ ಕಂಪನಿಗಳು ತಿಂಗಳುಗಟ್ಟಲೆ, ಕೆಲವರನ್ನು ಎರಡು ವರ್ಷದಷ್ಟು ಕಾಲ ಸೇರಿಸಿಕೊಳ್ಳದೆ ಕಾಯಿಸಿದವು. ದೂರು ಕಾರ್ಮಿಕ ಇಲಾಖೆಯವರೆಗೂ ಹೋಯಿತು. ಪ್ರಾಜೆಕ್ಟ್ ಕೈತಪ್ಪಿತೆಂದು ಕೊಟ್ಟ ಆಫರನ್ನು ಹಿಂತೆಗೆದುಕೊಳ್ಳುವುದೂ ಅಪರೂಪವಲ್ಲ. ಇಂಥ ನಡವಳಿಕೆಗೆ ಹೆಸರಾದ ಸಂಸ್ಥೆ ಅಭ್ಯರ್ಥಿಯಿಂದ ಹೆಚ್ಚಿನದನ್ನು ನಿರೀಕ್ಷಿಸುವ ಹಕ್ಕನ್ನು ತಾನೇ ಕಳೆದುಕೊಂಡಿದೆ. ಆದರೆ ಒಂದು ಕಂಪನಿ ಮಾಡಿದ್ದಕ್ಕೆ ಮತ್ತೊಂದು ಕಂಪನಿ ಹೊಣೆಯಲ್ಲ. ಕಾಯುತ್ತಿದ್ದ ಎರಡನೆಯ ಅಭ್ಯರ್ಥಿಯಂತೂ ಯಾವುದಕ್ಕೂ ಹೊಣೆಯಲ್ಲ.

ಮಾತು ಏಕೆ ಕಟ್ಟಿಹಾಕುತ್ತದೆ ಎಂಬ ಪ್ರಶ್ನೆಯನ್ನು ತತ್ತ್ವಶಾಸ್ತ್ರ ಹಲವು ಬಗೆಯಲ್ಲಿ ಬಿಡಿಸಿದೆ. ಪಾಲಿಸುವ ಉದ್ದೇಶವಿಲ್ಲದೆ ಕೊಡುವ ಮಾತನ್ನು ಎಲ್ಲರೂ ಕೊಡಹತ್ತಿದರೆ ಮಾತಿಗೆ ಅರ್ಥವೇ ಉಳಿಯದು ಎಂದು ಇಮ್ಯಾನುಯೆಲ್ ಕಾಂಟ್ 1785ರಲ್ಲಿ ವಾದಿಸಿದ. ಒಳ್ಳೆಯದು ಸಿಕ್ಕರೆ ಬಿಟ್ಟುಬಿಡೋಣ ಎಂದು ಮೊದಲೇ ನಿಶ್ಚಯಿಸಿ, ‘ಕೈಯಲ್ಲೊಂದು ಇರಲಿ’ ಎಂದು ಸಹಿ ಹಾಕುವವರಿಗೆ ಈ ವಾದ ನೇರವಾಗಿ ತಾಗುತ್ತದೆ. ಪ್ರಾಮಾಣಿಕವಾಗಿ ಒಪ್ಪಿ, ಆಮೇಲೆ ಅನಿರೀಕ್ಷಿತವಾಗಿ ಇನ್ನೊಂದು ಬಂದಾಗ ಮನಸ್ಸು ಬದಲಿಸಿದವರಿಗೆ ಅಷ್ಟಾಗಿ ತಾಗದು. ಅಂಥವರ ವಿಷಯದಲ್ಲಿ ಹೆಚ್ಚು ನೆರವಾಗುವುದು ಥಾಮಸ್ ಸ್ಕ್ಯಾನ್ಲನ್ 1998ರ ತನ್ನ ಗ್ರಂಥದಲ್ಲಿ ಮುಂದಿಟ್ಟ ವಿಚಾರ. ಒಬ್ಬರಲ್ಲಿ ಭರವಸೆಯನ್ನು ಬೇಕೆಂದೇ ಹುಟ್ಟಿಸಿ, ಅವರಿಗೆ ಅದು ಬೇಕೆಂದು ತಿಳಿದಿದ್ದೂ, ಒಪ್ಪಿಗೆಯಿಲ್ಲದೆ ಅದನ್ನು ಹುಸಿಮಾಡುವುದು ತಪ್ಪು ಎನ್ನುತ್ತಾನೆ ಅವನು. ಕನ್ನಡಿಗರಿಗೆ ಬಾಲ್ಯದಿಂದ ಗೊತ್ತಿರುವ ಗೋವಿನ ಹಾಡಿನ ಕತೆಗೂ ಇದೇ ಕೀಲಿ ಹೊಂದುತ್ತದೆ. ಪುಣ್ಯಕೋಟಿಯ ಮಾತಿಗೆ ಅಷ್ಟು ತೂಕ ಬಂದದ್ದು ಎದುರಿಗಿದ್ದವನು ಒಳ್ಳೆಯವನೆಂದಲ್ಲ. ಹಸಿದ ಹುಲಿ ಆ ಮಾತೊಂದನ್ನೇ ನಂಬಿ ಕೈಗೆ ಸಿಕ್ಕ ಆಹಾರವನ್ನು ಬಿಟ್ಟುಕೊಟ್ಟಿತ್ತು. ಎದುರಾಳಿ ಬಲಶಾಲಿಯಾದರೂ ಋಣ ಹುಟ್ಟುತ್ತದೆ ಎಂಬ ಪಾಠವೂ ಅದರಲ್ಲಿದೆ. ಕಂಪನಿ ದೊಡ್ಡದು ಎಂಬ ಒಂದೇ ಕಾರಣಕ್ಕೆ ಮಾತು ಹಗುರಾಗುವುದಿಲ್ಲ.

ನಂಬಿ ಬಿಟ್ಟುಕೊಟ್ಟದ್ದೇ ಅಳತೆಯಾದರೆ ಕಾಲಕ್ಕೆ ಬಹಳ ಬೆಲೆ ಬರುತ್ತದೆ. ಸಹಿ ಹಾಕಿದ ಮೂರನೆಯ ದಿನ ಹಿಂದೆ ಸರಿದರೆ ಎರಡನೆಯ ಅಭ್ಯರ್ಥಿ ಇನ್ನೂ ಸಿಗುತ್ತಾರೆ, ಕಂಪನಿ ಕಳೆದುಕೊಳ್ಳುವುದು ಅಲ್ಪ. ಸೇರುವ ಹಿಂದಿನ ಸಂಜೆ ಸರಿದರೆ ಮೂರು ತಿಂಗಳು ಪೂರ್ತಿ ಹೋಯಿತು. ಎರಡನೆಯ ಆಫರನ್ನು ಎರಡು ವಾರ ಹಿಂದೆಯೇ ಒಪ್ಪಿಕೊಂಡಿದ್ದೂ ಕೊನೆಯ ದಿನದವರೆಗೆ ಮೊದಲನೆಯವರಿಗೆ ‘ಬರುತ್ತೇನೆ ಸರ್’ ಎನ್ನುತ್ತಲೇ ಇರುವುದಂತೂ ಸುಳ್ಳು, ಮತ್ತು ಈ ಇಡೀ ಪದ್ಧತಿಯಲ್ಲಿ ಯಾವ ಸಮರ್ಥನೆಗೂ ಸಿಗದ ಭಾಗ ಅದೇ. ಹಿಂದೆ ಸರಿಯುವ ಸ್ವಾತಂತ್ರ್ಯಕ್ಕೆ ಈ ಮೌನ ಅಗತ್ಯವೇ ಅಲ್ಲ.

ಆದರೂ ಈ ಮೌನವನ್ನು ಬೆಳೆಸುತ್ತಿರುವುದು ಬಹುಮಟ್ಟಿಗೆ ವ್ಯವಸ್ಥೆಯೇ. ಪೇಪರ್ ಹಾಕದವರನ್ನು ಅನೇಕ ಕಂಪನಿಗಳು ಸಂದರ್ಶನಕ್ಕೂ ಕರೆಯುವುದಿಲ್ಲ, ಪೇಪರ್ ಹಾಕಿದೊಡನೆ ಎಲ್ಲರೂ ಕರೆಯುತ್ತಾರೆ; ಅಂದರೆ ತನ್ನ ನಿಜವಾದ ಬೆಲೆ ಏನೆಂದು ಉದ್ಯೋಗಿಗೆ ಗೊತ್ತಾಗುವುದೇ ಒಂದು ಕಡೆ ಒಪ್ಪಿದ ಮೇಲೆ. ಮೇಲಾಗಿ ‘ನಾಳೆಯೊಳಗೆ ತಿಳಿಸಿ’ ಎಂಬ ಒತ್ತಾಯ ಬೇರೆ. ಅಮೆರಿಕದ ಆಸ್ಪತ್ರೆಗಳು ಎಳೆಯ ವೈದ್ಯರನ್ನು ನೇಮಿಸಿಕೊಳ್ಳುವಾಗ ಇದೇ ಸ್ಥಿತಿಗೆ ಬಂದು ಮುಟ್ಟಿದ್ದವು: ಉತ್ತರಕ್ಕೆ 1945ರಲ್ಲಿ 10 ದಿನಗಳಿದ್ದ ಗಡುವು 1950ರ ಹೊತ್ತಿಗೆ 12 ಗಂಟೆಗೆ ಇಳಿದಿತ್ತು. 1952ರಲ್ಲಿ ಎಲ್ಲರ ಆದ್ಯತೆಗಳನ್ನು ಒಂದೆಡೆ ಸೇರಿಸಿ ಹೊಂದಿಸುವ ಕೇಂದ್ರೀಯ ವ್ಯವಸ್ಥೆ ಬಂದಮೇಲೆ ಆ ಗೊಂದಲ ತಗ್ಗಿತು. ಅದನ್ನು ಅಧ್ಯಯನ ಮಾಡಿದ ಆಲ್ವಿನ್ ರಾತ್‌ಗೆ ಮುಂದೆ, 2012ರಲ್ಲಿ, ಅರ್ಥಶಾಸ್ತ್ರದ ನೊಬೆಲ್ ಸಂದಿತು.

ಕರ್ನಾಟಕದ ಪ್ರತಿ ಪಿಯು ವಿದ್ಯಾರ್ಥಿಯ ಮನೆಗೂ ಇಂಥದ್ದೊಂದು ವ್ಯವಸ್ಥೆ ಪರಿಚಿತ. ಸಿಇಟಿ ಸೀಟು ಹಂಚಿಕೆಯಾದಾಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಾಲ್ಕು ಚಾಯ್ಸ್ ಕೊಡುತ್ತದೆ. ಸಿಕ್ಕ ಸೀಟಿಗೆ ತೃಪ್ತಿಯಿಂದ ಸೇರುವವರಿಗೆ ಚಾಯ್ಸ್ ಒಂದು. ಈ ಸೀಟು ಇರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಕ್ಕರೆ ಅದಕ್ಕೆ ಹೋಗುತ್ತೇನೆ ಎನ್ನುವವರಿಗೆ ಚಾಯ್ಸ್ ಎರಡು. ಒಳ್ಳೆಯದು ಸಿಕ್ಕರೆ ಹಳೆಯ ಸೀಟು ತಾನಾಗಿ ತೆರವಾಗಿ, ಸಾಲಿನಲ್ಲಿರುವ ಇನ್ನೊಬ್ಬರಿಗೆ ಹೋಗುತ್ತದೆ. ಇಲ್ಲಿ ಯಾರೂ ಮಾತು ತಪ್ಪಿದಂತಾಗುವುದಿಲ್ಲ, ಏಕೆಂದರೆ ಮಾತು ಎಷ್ಟು ದೂರದ್ದು ಎಂದು ಮೊದಲೇ ಹೇಳಿಕೊಳ್ಳಲು ಜಾಗವಿದೆ. ಆಫರ್ ಲೆಟರ್‌ನಲ್ಲಿ ಚಾಯ್ಸ್ ಎರಡು ಇಲ್ಲ. ಮನಸ್ಸಿನಲ್ಲಿ ಚಾಯ್ಸ್ ಎರಡು ಇಟ್ಟುಕೊಂಡವರೂ ಚಾಯ್ಸ್ ಒಂದಕ್ಕೆ ಸಹಿ ಹಾಕಬೇಕಾಗಿದೆ. ನಾಲ್ಕು ವಾರಗಳವರೆಗೆ ಯಾವ ಕಡೆಯವರೂ ಹಿಂದೆ ಸರಿಯಬಹುದು, ಆಮೇಲೆ ಇಬ್ಬರೂ ಬದ್ಧರು ಎಂದು ಕಂಪನಿಗಳು ಬರೆದುಕೊಟ್ಟರೆ, ಅಥವಾ ನೋಟಿಸ್ ಅವಧಿಯನ್ನೇ 30 ದಿನಕ್ಕೆ ಇಳಿಸಿದರೆ, ಈ ಸುಳ್ಳಿನ ಬಹುಭಾಗ ತಾನಾಗಿ ಕರಗುತ್ತದೆ.

ಉಳಿದದ್ದು ಕೆಲಸದ ಸ್ವರೂಪಕ್ಕೆ ಬಿಟ್ಟದ್ದು. ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿ ನೂರಾರು ಜನರಿರುವ ಕಂಪನಿಗೆ ಒಬ್ಬ ಡೆವಲಪರ್ ಬಾರದಿದ್ದರೆ ಒಂದು ವಾರದ ತಲೆನೋವು. ತಾಲ್ಲೂಕು ಕೇಂದ್ರದ ಪ್ರೌಢಶಾಲೆಗೆ ಜೂನ್ ತಿಂಗಳಲ್ಲಿ ಒಪ್ಪಿದ ಗಣಿತದ ಮೇಷ್ಟ್ರು ಬಾರದಿದ್ದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವರ್ಷದ ಅರ್ಧ ಪಾಠ ತಪ್ಪುತ್ತದೆ. ಹಾಸಿಗೆ ಹಿಡಿದ ವೃದ್ಧರ ಆರೈಕೆಗೆಂದು ಒಪ್ಪಿದವರು ಬಾರದಿದ್ದರೆ ಪ್ರಾಣಕ್ಕೇ ಬರಬಹುದು. ಕಾನೂನು ಈ ವ್ಯತ್ಯಾಸವನ್ನು ಗುರುತಿಸಿದೆ: ಕರಾರು ಮುರಿದವರನ್ನು ಜೈಲಿಗೆ ಕಳಿಸುವ ಹಳೆಯ ನಿಯಮಗಳು ಹೋದಮೇಲೂ, ಅಸಹಾಯಕರನ್ನು ನೋಡಿಕೊಳ್ಳಲು ಕಾನೂನುಬದ್ಧ ಕರಾರಿನಿಂದ ಬದ್ಧರಾದವರು ಬೇಕೆಂದೇ ಆ ಕೆಲಸ ಬಿಟ್ಟರೆ ಅದು ಇಂದಿಗೂ ಅಪರಾಧ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 357ನೆಯ ಕಲಮು ಅದಕ್ಕೆ ಮೂರು ತಿಂಗಳವರೆಗಿನ ಸಜೆ ಇಟ್ಟಿದೆ.

ಇದೇ ಅಳತೆಯನ್ನು ಆಚೆ ಬದಿಗೂ ಹಿಡಿಯಬೇಕು. ಆಫರ್ ನಂಬಿ ಪೇಪರ್ ಹಾಕಿದ ಉದ್ಯೋಗಿ ಬಿಟ್ಟುಕೊಟ್ಟಿರುವುದು ಇರುವ ಕೆಲಸವನ್ನೇ. ಮನೆ ಸಾಲದ ಕಂತು, ಮಕ್ಕಳ ಫೀಸು ಎಲ್ಲವೂ ಅದರ ಮೇಲೆ ನಿಂತಿರುತ್ತವೆ. ಆ ಹಂತದಲ್ಲಿ ಕಂಪನಿ ಆಫರ್ ಹಿಂತೆಗೆದುಕೊಳ್ಳುವುದು, ಅಭ್ಯರ್ಥಿಯೊಬ್ಬರು ಹಿಂದೆ ಸರಿಯುವುದಕ್ಕಿಂತ ಬಹುಪಾಲು ಸಂದರ್ಭಗಳಲ್ಲಿ ಹೆಚ್ಚು ಗಂಭೀರವಾದ ಮಾತುತಪ್ಪು. ಅಂಥ ಕಂಪನಿ, ತಾನು ತನ್ನ ನೌಕರರಿಂದ ಕೇಳುವಷ್ಟೇ ನೋಟಿಸ್ ಅವಧಿಯ ಸಂಬಳವನ್ನು ಪರಿಹಾರವಾಗಿ ಕೊಡಬೇಕೆಂಬುದು ನ್ಯಾಯವಾದ ಬೇಡಿಕೆ, ಮತ್ತು ಅದನ್ನು ಆಫರ್ ಲೆಟರಿನಲ್ಲೇ ಬರೆದಿಡುವುದಕ್ಕೆ ಈಗಿರುವ ಯಾವ ಕಾನೂನಿನ ಅಡ್ಡಿಯೂ ಇಲ್ಲ.